ಶುಗರ್ ಇಲ್ಲ ಎಂದ ಮಾತ್ರಕ್ಕೆ

ಮಲ್ಲೇಶ್ವರದ ಸಂಪಿಗೆ ರಸ್ತೆಯ ಹೋಟೆಲುಗಳಲ್ಲಾಗಲಿ, ಬಸವನಗುಡಿಯ ಗಾಂಧಿ ಬಜಾರಿನಲ್ಲಾಗಲಿ, ಚಾಮರಾಜಪೇಟೆಯ ಮದುವೆ ಊಟದ ಪಂಕ್ತಿಯಲ್ಲಾಗಲಿ, ಸಿಹಿ ಬೇಡವೆಂದವರಿಗೆ ಎದುರಾಗುವ ಪ್ರಶ್ನೆ ಒಂದೇ: ‘ನಿಮಗೆ ಶುಗರ್ ಇದೆಯಾ?’ ಇದೆ ಎಂದವರ ಎಲೆಯನ್ನು ಬಡಿಸುವವರು ದಾಟಿ ಹೋಗುತ್ತಾರೆ. ಇಲ್ಲ ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ಶುಗರ್ ಇಲ್ಲದ ಮೇಲೆ ಬೇಡ ಎನ್ನುವುದಕ್ಕೆ ಕಾರಣವೇ ಇಲ್ಲವೆಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಸಕ್ಕರೆಗೆ ಹೆದರಬೇಕಾದವರು ಮಧುಮೇಹಿಗಳು ಮಾತ್ರ, ರಕ್ತಪರೀಕ್ಷೆಯ ಅಂಕಿ ನಾರ್ಮಲ್ ಇರುವವರೆಗೆ ಸಿಹಿಯಿಂದ ಯಾವ ಅಪಾಯವೂ ಇಲ್ಲ ಎಂಬ ಈ ನಂಬಿಕೆ ಹಳೆಯ ಬೆಂಗಳೂರಿನ ಓದಿದ ಮನೆಗಳಲ್ಲಿ ಎಷ್ಟು ಆಳವಾಗಿದೆಯೆಂದರೆ, ವರ್ಷಕ್ಕೊಮ್ಮೆ ತಪ್ಪದೆ ಹೆಲ್ತ್ ಚೆಕಪ್ ಮಾಡಿಸುವವರೂ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಅದು ತಪ್ಪು. ಅತಿಯಾದ ಸಕ್ಕರೆ ಮೊದಲು ಯಕೃತ್ತನ್ನು ಕೆಡಿಸುತ್ತದೆ, ಅದರ ಮೂಲಕ ಹೃದಯದ ರಕ್ತನಾಳಗಳನ್ನು ಕೆಡಿಸುತ್ತದೆ. ರಕ್ತದಲ್ಲಿನ ಸಕ್ಕರೆಯ ಅಂಕಿ ಏರುವುದು ಬಹಳ ಸಲ ಇವೆರಡೂ ಶುರುವಾಗಿ ವರ್ಷಗಳು ಕಳೆದ ಮೇಲೆ. ಆ ಅಂಕಿಯೊಂದನ್ನೇ ಕಾವಲಿಗೆ ಇಟ್ಟುಕೊಂಡವರು ತಡವಾಗಿ ಬರುವ ಸೂಚನೆಗಾಗಿ ಕಾಯುತ್ತಿದ್ದಾರೆ.

ಆ ಚೆಕಪ್ಪಿನ ವರದಿಯನ್ನೇ ನೋಡಿ. ಸಕ್ಕರೆಯ ಅಂಕಿ ಇರುವ ಹಾಳೆಯನ್ನು ಎರಡು ಸಲ ಓದುವವರು, ಹೊಟ್ಟೆಯ ಸ್ಕ್ಯಾನಿಂಗ್ ಹಾಳೆಯಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂದಿದ್ದರೆ ಮಡಚಿ ಫೈಲಿನೊಳಗೆ ಇಡುತ್ತಾರೆ. ಈಗ ಎಲ್ಲರಿಗೂ ಇರುವುದೇ ಎಂಬ ಸಮಾಧಾನ ಒಂದು ಕಡೆ. ಕುಡಿಯದವರಿಗೆ ಲಿವರ್ ಏನಾಗುತ್ತದೆ ಎಂಬ ಧೈರ್ಯ ಇನ್ನೊಂದು ಕಡೆ. ಮದ್ಯ ಮುಟ್ಟದ, ಮಾಂಸ ತಿನ್ನದ ಮನೆಗಳಲ್ಲಿ ಈ ಧೈರ್ಯ ಇನ್ನೂ ಹೆಚ್ಚು. ಅದಕ್ಕೆ ಆಧಾರವಿಲ್ಲವೆಂದು ತಿಳಿದು ನಾಲ್ಕು ದಶಕಗಳು ಕಳೆದಿವೆ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಜರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಯಕೃತ್ತಿನ ತುಣುಕುಗಳನ್ನು ಪರೀಕ್ಷಿಸಿ ಬರೆದರು: ಕುಡುಕರ ಯಕೃತ್ತಿನಲ್ಲಿ ಕಾಣುವ ಕೊಬ್ಬು, ಉರಿಯೂತ, ಗಾಯದ ನಾರುಗಳೇ ಇವರಲ್ಲೂ ಇವೆ, ಆದರೆ ಇವರು ಕುಡಿಯುವವರಲ್ಲ. ಅಂದಿನಿಂದ ‘ಮದ್ಯಪಾನದಿಂದಲ್ಲದ’ ಎಂಬ ವಿಶೇಷಣದೊಂದಿಗೆ ಗುರುತಿಸುತ್ತಿದ್ದ ಈ ಕಾಯಿಲೆಗೆ 2023ರಲ್ಲಿ ಜಗತ್ತಿನ ಯಕೃತ್ತು ತಜ್ಞರು ಚಯಾಪಚಯದ ಏರುಪೇರಿಗೇ ನೇರವಾಗಿ ನಂಟು ಹಾಕುವ ಹೊಸ ಹೆಸರಿಟ್ಟರು. ಭಾರತ ಸರ್ಕಾರ 2021ರ ಫೆಬ್ರವರಿಯಲ್ಲೇ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ದೇಶದ ಜನರಲ್ಲಿ ಶೇ. 9ರಿಂದ 32ರಷ್ಟು ಮಂದಿಗೆ ಇದು ಇರಬಹುದೆಂದು ಆಗ ಹೇಳಿತು. ಎಲ್ಲರಿಗೂ ಇದೆ ಎನ್ನುವ ಮಾತು ನಿಜಕ್ಕೆ ಹತ್ತಿರವಿರಬಹುದು. ಆದರೆ ಹೆಚ್ಚು ಜನರಿಗೆ ಬಂದ ಮಾತ್ರಕ್ಕೆ ರೋಗ ಆರೋಗ್ಯವಾಗುವುದಿಲ್ಲ.

ಸಕ್ಕರೆಗೂ ಯಕೃತ್ತಿಗೂ ಏನು ಸಂಬಂಧ? ನಾವು ಡಬ್ಬಿಯಲ್ಲಿ ಇಟ್ಟುಕೊಳ್ಳುವ ಸಕ್ಕರೆ ಸುಕ್ರೋಸ್. ಒಂದು ಗ್ಲೂಕೋಸ್ ಅಣುವೂ ಒಂದು ಫ್ರಕ್ಟೋಸ್ ಅಣುವೂ ಕೂಡಿದ ವಸ್ತು. ಗ್ಲೂಕೋಸನ್ನು ಮೈಯ ಎಲ್ಲ ಜೀವಕೋಶಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸಿನದು ಬೇರೆ ದಾರಿ. ಸ್ವಲ್ಪ ಪ್ರಮಾಣವಾದರೆ ಸಣ್ಣಕರುಳೇ ಒಂದಷ್ಟನ್ನು ನಿಭಾಯಿಸುತ್ತದೆ. ಅದನ್ನು ಮೀರಿದ್ದು ಬಹುಪಾಲು ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಗ್ಲೂಕೋಸನ್ನು ಒಡೆಯುವಾಗ, ಶಕ್ತಿ ಸಾಕಷ್ಟಿದ್ದರೆ ಯಕೃತ್ತು ಕೆಲಸವನ್ನು ನಿಧಾನಗೊಳಿಸುತ್ತದೆ. ಫ್ರಕ್ಟೋಸ್ ಆ ತಡೆಗೆ ಸಿಗುವುದೇ ಇಲ್ಲ, ಬಂದಷ್ಟನ್ನೂ ಒಡೆಯಲೇಬೇಕು. ಒಡೆದ ತುಣುಕುಗಳು ಮಿಕ್ಕಾಗ ಯಕೃತ್ತು ಅವುಗಳಿಂದ ಹೊಸದಾಗಿ ಕೊಬ್ಬು ತಯಾರಿಸುತ್ತದೆ. ಈ ಅವಸರದ ಕೆಲಸದಲ್ಲಿ ಜೀವಕೋಶದ ಶಕ್ತಿಯ ದಾಸ್ತಾನು ಕರಗಿ ಯೂರಿಕ್ ಆಮ್ಲವೂ ಹೆಚ್ಚುತ್ತದೆ. ಎಣ್ಣೆ, ತುಪ್ಪ ಒಂದು ತೊಟ್ಟೂ ಇಲ್ಲದ ಬಾಟಲಿ ಪಾನೀಯದಿಂದಲೂ ಯಕೃತ್ತಿನಲ್ಲಿ ಕೊಬ್ಬು ಕೂಡುವುದು ಹೀಗೆ. ಮದ್ಯವೂ ಫ್ರಕ್ಟೋಸೂ ಯಕೃತ್ತಿನಲ್ಲಿ ಕೊನೆಗೆ ಕೊಬ್ಬಾಗುವ ಬಗೆಯಲ್ಲಿ ಬಹಳಷ್ಟು ಹೋಲಿಕೆಯಿದೆ. ಕುಡಿಯದವರ ಲಿವರ್ ಕುಡುಕರ ಲಿವರಿನಂತೆ ಕಾಣುವುದರಲ್ಲಿ ಆದ್ದರಿಂದ ವಿಚಿತ್ರವೇನೂ ಇಲ್ಲ.

ಅಲ್ಲಿಂದ ಹೃದಯಕ್ಕೆ ದಾರಿ ದೂರವಿಲ್ಲ. ಯಕೃತ್ತು ತಾನು ತಯಾರಿಸಿದ ಕೊಬ್ಬನ್ನೆಲ್ಲ ಒಳಗೇ ಇಟ್ಟುಕೊಳ್ಳುವುದಿಲ್ಲ. ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಕಳಿಸುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿದಂತೆ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ, ಸಾಂದ್ರವಾಗಿ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ಸೇರಿಕೊಳ್ಳುತ್ತವೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದೂ ಕಡಿಮೆಯಾಗುತ್ತದೆ; ಯೂರಿಕ್ ಆಮ್ಲದ ಏರಿಕೆ ರಕ್ತದೊತ್ತಡಕ್ಕೆ ಒತ್ತಾಸೆಯಾಗುತ್ತದೆ. ಫ್ಯಾಟಿ ಲಿವರ್ ಇರುವವರಲ್ಲಿ ಹೆಚ್ಚಿನವರು ಸಾಯುವುದು ಲಿವರ್ ಕೆಟ್ಟು ಅಲ್ಲ, ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ 2014ರ ವರದಿ, ತಾನು ಪರೀಕ್ಷಿಸಿದ ಪ್ರದೇಶಗಳ ವಯಸ್ಕರಲ್ಲಿ ಶೇ. 72ರಷ್ಟು ಮಂದಿಗೆ ಎಚ್‌ಡಿಎಲ್ ಕಡಿಮೆ, ಶೇ. 29ರಷ್ಟು ಮಂದಿಗೆ ಟ್ರೈಗ್ಲಿಸರೈಡ್ ಹೆಚ್ಚು ಎಂದು ತೋರಿಸಿತ್ತು. ಅದಕ್ಕೆಲ್ಲ ಸಕ್ಕರೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ವಂಶವಾಹಿಗಳೂ, ಅತಿಯಾದ ಅನ್ನವೂ, ಜಡ ಬದುಕೂ ಅದರಲ್ಲಿ ಪಾಲುದಾರರು. ಆದರೆ ಮೊದಲೇ ಹೀಗಿರುವ ರಕ್ತಕ್ಕೆ ಟ್ರೈಗ್ಲಿಸರೈಡನ್ನು ಇನ್ನಷ್ಟು ಸುರಿಯುವ ವಸ್ತುವನ್ನು ನಿರಪಾಯವೆಂದು ಹಂಚುವುದು ಹೇಗೆ ಸರಿ?

ಇಷ್ಟೆಲ್ಲ ಆಗುತ್ತಿದ್ದರೂ ರಕ್ತದ ಸಕ್ಕರೆ ನಾರ್ಮಲ್ ತೋರಿಸಬಲ್ಲದು. ಯಕೃತ್ತು ಇನ್ಸುಲಿನ್ನಿಗೆ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಅಂಕಿಯನ್ನು ಹತೋಟಿಯಲ್ಲಿ ಇಡುತ್ತದೆ. ಸಾಲ ಮಾಡಿ ಸಂಸಾರ ತೂಗಿಸುವ ಮನೆಯ ಹಾಗೆ, ಹೊರಗಿನವರಿಗೆ ಖರ್ಚು ವೆಚ್ಚ ಸರಿಹೋದಂತೆಯೇ ಕಾಣುತ್ತದೆ. ಸಾಲ ಹುಟ್ಟದ ದಿನ ಬಂದಾಗ, ಅಂದರೆ ಮೇದೋಜೀರಕ ಸೋತಾಗ, ವರದಿಯ ಅಂಕಿ ಏರುತ್ತದೆ. ಅಷ್ಟರೊಳಗೆ ಯಕೃತ್ತಿನಲ್ಲಿ ಕೊಬ್ಬು ಬೇರೂರಿರುತ್ತದೆ, ರಕ್ತನಾಳಗಳು ಗಡುಸಾಗುತ್ತಿರುತ್ತವೆ. 2023ರ ಇಂಡಿಯಾಬ್ ಅಂದಾಜಿನ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿರುವವರು 13 ಕೋಟಿಗೂ ಹೆಚ್ಚು. ಈ ಇಪ್ಪತ್ತಮೂರು ಕೋಟಿಗೂ ಮಿಕ್ಕ ಜನರಲ್ಲಿ ಬಹುಪಾಲಿನವರು ಒಂದು ಕಾಲಕ್ಕೆ ‘ನನಗೆ ಶುಗರ್ ಇಲ್ಲ’ ಎಂದು ಹೇಳುತ್ತಿದ್ದವರೇ. ಕಾಪಾಡಿಕೊಳ್ಳಲು ಅವರಿಗೆ ಇದ್ದ ಕಾಲವೆಂದರೆ ಅದೇ. ಆ ಕಾಲದಲ್ಲಿ ಅವರಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂಬ ಸಲಹೆ ಸಿಕ್ಕಿತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಕ್ಯಾಲೊರಿಯದು. ತೂಕ ಹೆಚ್ಚದಂತೆ ನೋಡಿಕೊಂಡರಾಯಿತು, ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ನಾಲ್ಕು ಸುತ್ತು ಹಾಕಿದರಾಯಿತು, ತಿಂದದ್ದು ಕರಗುತ್ತದೆ ಎನ್ನುತ್ತಾರೆ. ನಡಿಗೆ ಬೇಕೇ ಬೇಕು. ಅದರ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಕ್ಕರೆಯ ಕೇಡು ಬರೀ ತೂಕದ ಲೆಕ್ಕವಲ್ಲ. 2021ರಲ್ಲಿ ಜ್ಯೂರಿಕ್‌ನ ಸಂಶೋಧಕರು 94 ಆರೋಗ್ಯವಂತ ಯುವಕರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಏಳು ವಾರ, ದಿನಕ್ಕೆ 80 ಗ್ರಾಂ ಸಕ್ಕರೆಯ ಪಾನೀಯ. ಒಟ್ಟು ಕ್ಯಾಲೊರಿ ಹಿಂದಿಗಿಂತ ಹೆಚ್ಚಾಗಲಿಲ್ಲ, ಏಕೆಂದರೆ ಅವರು ಬೇರೆ ಆಹಾರವನ್ನು ತಾವಾಗಿಯೇ ಕಡಿಮೆ ತಿಂದರು. ಆದರೂ ಫ್ರಕ್ಟೋಸ್ ಅಥವಾ ಸುಕ್ರೋಸ್ ಕುಡಿದವರ ಯಕೃತ್ತಿನಲ್ಲಿ ಕೊಬ್ಬು ತಯಾರಾಗುವ ವೇಗ ಸುಮಾರು ಎರಡರಷ್ಟಾಯಿತು. ಬರೀ ಗ್ಲೂಕೋಸ್ ಕುಡಿದವರಲ್ಲಿ ಹಾಗಾಗಲಿಲ್ಲ. ಇದನ್ನೇ ತಿರುವಿ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು: ಬೊಜ್ಜಿರುವ ಮಕ್ಕಳಿಗೆ ಒಂಬತ್ತು ದಿನ ಸಕ್ಕರೆಯ ಬದಲು ಅಷ್ಟೇ ಕ್ಯಾಲೊರಿಯ ಪಿಷ್ಟ ಕೊಟ್ಟಾಗ ಯಕೃತ್ತಿನ ಕೊಬ್ಬು ಶೇ. 7.2ರಿಂದ ಶೇ. 3.8ಕ್ಕೆ ಇಳಿಯಿತು. ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ ಎಂಬ ಕೊರತೆಯನ್ನು 2019ರ ಇನ್ನೊಂದು ಅಧ್ಯಯನ ತುಂಬಿತು. ಫ್ಯಾಟಿ ಲಿವರ್ ಇದ್ದ 40 ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರ ಸಕ್ಕರೆ ತೀರ ಕಡಿಮೆ ಇರುವ ಊಟ ಕೊಟ್ಟರು. ಅವರ ಯಕೃತ್ತಿನ ಕೊಬ್ಬು ಶೇ. 25ರಿಂದ 17ಕ್ಕೆ ಇಳಿಯಿತು. ಎಂದಿನ ಊಟ ಮಾಡಿದವರಲ್ಲಿ ಶೇ. 21ರಿಂದ 20ಕ್ಕೆ ಮಾತ್ರ. ಇನ್ನು ತೆಳ್ಳಗಿರುವವರ ಧೈರ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಸಹೋದ್ಯೋಗಿ ಜಾನ್ ಯಡ್ಕಿನ್ 2004ರಲ್ಲಿ ತಮ್ಮಿಬ್ಬರ ಮೈಯನ್ನೇ ಹೋಲಿಸಿ ತೋರಿಸಿದರು: ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದೂ ಒಂದೇ, ಆದರೆ ಮೈಕೊಬ್ಬು ಯಡ್ಕಿನ್ನರಿಗೆ ಶೇ. 9, ಯಾಜ್ಞಿಕರಿಗೆ ಶೇ. 21. ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಳ್ಳುವ ಮೈಕಟ್ಟು ನಮ್ಮದು. ತಕ್ಕಡಿಯ ಮುಳ್ಳನ್ನು ನಂಬುವ ಹಕ್ಕು ನಮಗೆ ಇತರರಿಗಿಂತ ಕಡಿಮೆ.

ಎರಡನೆಯ ಆಕ್ಷೇಪ, ಹೃದಯಕ್ಕೆ ಶತ್ರು ಕೊಬ್ಬೇ ಹೊರತು ಸಕ್ಕರೆಯಲ್ಲ ಎಂಬುದು. ಹೃದ್ರೋಗವೆಂದ ಕೂಡಲೆ ತುಪ್ಪದ ಗಿಂಡಿಯನ್ನು ಒಳಗಿಟ್ಟು, ಕಾಫಿಗೆ ಎರಡು ಚಮಚ ಸಕ್ಕರೆಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವ ಮನೆಗಳು ಎಷ್ಟೋ. ಈ ನಂಬಿಕೆ ಬೆಳೆದ ಬಗೆಯನ್ನು ತಿಳಿಯಬೇಕು. 1967ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಸಮೀಕ್ಷೆ, ಹೃದ್ರೋಗದಲ್ಲಿ ಸಕ್ಕರೆಯ ಪಾತ್ರವನ್ನು ಹಗುರಮಾಡಿ ಕೊಬ್ಬಿನತ್ತ ಬೆರಳು ತೋರಿಸಿತು. ಅದಕ್ಕೆ ಅಮೆರಿಕದ ಸಕ್ಕರೆ ಉದ್ದಿಮೆಯ ಸಂಸ್ಥೆ 6,500 ಡಾಲರ್ ಕೊಟ್ಟಿತ್ತೆಂದು ಹಳೆಯ ಕಾಗದಪತ್ರಗಳಿಂದ ಹೊರಬಂದದ್ದು 2016ರಲ್ಲಿ. ಅದೇ ಕಾಲದಲ್ಲಿ ಸಕ್ಕರೆಯ ಬಗ್ಗೆ ಎಚ್ಚರಿಸಿದ ಬ್ರಿಟನ್ನಿನ ಇನ್ನೊಬ್ಬ ಜಾನ್ ಯಡ್ಕಿನ್ ಮೂಲೆಗೆ ಸರಿದರು. ಇದರಿಂದ ತುಪ್ಪ, ವನಸ್ಪತಿಗಳು ದೋಷಮುಕ್ತವೆಂದು ಆಗುವುದಿಲ್ಲ. ಪರ್ಯಾಪ್ತ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ ಎಂಬುದಕ್ಕೆ ಸ್ವತಂತ್ರವಾದ, ಗಟ್ಟಿಯಾದ ಪುರಾವೆಯಿದೆ. ಅನ್ನವೂ ಅತಿಯಾದರೆ ಕೊಬ್ಬಾಗುತ್ತದೆ. ಆದರೆ ಒಬ್ಬ ಅಪರಾಧಿ ಸಿಕ್ಕನೆಂದು ಇನ್ನೊಬ್ಬನನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ಸಕ್ಕರೆ ಹಿಡಿಸುವ ಮೈಸೂರು ಪಾಕಿನಲ್ಲಿ ತುಪ್ಪವನ್ನು ಮಾತ್ರ ನೋಡುವುದು ಕುರುಡು.

ಮೂರನೆಯದು ವಿಜ್ಞಾನದ ಭಾಷೆಯಲ್ಲೇ ಬರುವ ಆಕ್ಷೇಪ: ಹೃದಯದ ಸಾವಿಗೂ ಸಕ್ಕರೆಗೂ ನಂಟು ತೋರಿಸುವ ಅಧ್ಯಯನಗಳು ಹೊರದೇಶದವು, ಅವು ಬರೀ ಸಹಸಂಬಂಧ ತೋರಿಸುತ್ತವೆ, ಕಾರಣವನ್ನಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ದಿನದ ಕ್ಯಾಲೊರಿಯಲ್ಲಿ ಶೇ. 17ರಿಂದ 21ರಷ್ಟನ್ನು ಸೇರಿಸಿದ ಸಕ್ಕರೆಯಿಂದ ಪಡೆಯುವವರಿಗೆ, ಶೇ. 8ರಷ್ಟು ಪಡೆಯುವವರಿಗಿಂತ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 38ರಷ್ಟು ಹೆಚ್ಚಿತ್ತು. ಹೆಚ್ಚು ಸಕ್ಕರೆ ತಿನ್ನುವವರು ಬೇರೆ ರೀತಿಯಲ್ಲೂ ಅಶಿಸ್ತಿನವರಿರಬಹುದು ಎಂಬ ಶಂಕೆ ಸರಿಯಾದದ್ದೇ. ಸಂಶೋಧಕರು ಅಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಪೂರ್ತಿ ಕಳೆಯಲಾಗದು. ಆದರೆ ಜನ ತಾವಾಗಿ ಆರಿಸಿಕೊಳ್ಳದ ಒಂದು ಪ್ರಯೋಗ ಇತಿಹಾಸದಲ್ಲೇ ನಡೆದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸಕ್ಕರೆಯನ್ನು ರೇಷನ್ನಿನಲ್ಲಿ ಕೊಡುತ್ತಿತ್ತು. ಯುದ್ಧದ ನಂತರವೂ ಮುಂದುವರಿದ ಆ ರೇಷನ್ 1953ರ ಸೆಪ್ಟೆಂಬರಿನಲ್ಲಿ ಮುಗಿದ ಕೂಡಲೆ ಬಳಕೆ ಸುಮಾರು ದುಪ್ಪಟ್ಟಾಯಿತು. ಆ ಗೆರೆಯ ಈಚೆ ಆಚೆ ಹುಟ್ಟಿದವರನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು: ಗರ್ಭದಲ್ಲೂ ಮೊದಲ ಎರಡು ವರ್ಷಗಳಲ್ಲೂ ಕಡಿಮೆ ಸಕ್ಕರೆ ಕಂಡವರಿಗೆ ಮುಂದೆ ಮಧುಮೇಹದ ಅಪಾಯ ಸುಮಾರು ಶೇ. 35, ಅಧಿಕ ರಕ್ತದೊತ್ತಡದ ಅಪಾಯ ಸುಮಾರು ಶೇ. 20 ಕಡಿಮೆ. ಪ್ರಯೋಗಾಲಯದ ವಿವರಣೆ, ಯಕೃತ್ತಿನ ಮೇಲೆ ನಡೆದ ನೇರ ಪ್ರಯೋಗಗಳು, ದೀರ್ಘಕಾಲದ ಅವಲೋಕನಗಳು, ರೇಷನ್ನಿನ ಇತಿಹಾಸ, ಈ ನಾಲ್ಕೂ ಒಂದೇ ದಿಕ್ಕನ್ನು ತೋರಿಸುತ್ತಿವೆ. ಯಾವುದೋ ಒಂದರ ಕೊರತೆಯನ್ನು ಹಿಡಿದು ಎಲ್ಲವನ್ನೂ ತಳ್ಳಿಹಾಕುವುದು ಎಚ್ಚರಿಕೆಯಲ್ಲ, ಹಟ.

ನಮ್ಮ ಕಡೆಯ ಅಚ್ಚುಮೆಚ್ಚಿನ ಆಕ್ಷೇಪ ಬೆಲ್ಲದ್ದು. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇವೆ, ಬಿಸಿನೀರಿಗೆ ಜೇನುತುಪ್ಪ ಹಾಕುತ್ತೇವೆ, ಇವು ನೈಸರ್ಗಿಕ ಎನ್ನುತ್ತಾರೆ. ಸಾವಯವ ಬೆಲ್ಲಕ್ಕೆ ಹೆಚ್ಚು ಹಣ ಕೊಟ್ಟು ನೆಮ್ಮದಿ ಕೊಳ್ಳುತ್ತಾರೆ. ಕಬ್ಬಿನ ರಸವನ್ನು ಕಾಯಿಸಿ ಇಳಿಸಿದ ಬೆಲ್ಲದ ಬಹುಪಾಲು ಸುಕ್ರೋಸೇ. ಉಳಿದ ಸ್ವಲ್ಪ ಭಾಗ ಆಗಲೇ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಜೇನಿನಲ್ಲಿ ಫ್ರಕ್ಟೋಸ್ ಗ್ಲೂಕೋಸಿಗಿಂತ ಹೆಚ್ಚೇ ಇದೆ. ಯಕೃತ್ತಿಗೆ ತಲುಪುವ ಫ್ರಕ್ಟೋಸಿಗೆ ತಾನು ಆಲೆಮನೆಯಿಂದ ಬಂದೆನೋ ಕಾರ್ಖಾನೆಯಿಂದ ಬಂದೆನೋ ಎಂಬ ಗುರುತಿರುವುದಿಲ್ಲ. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ ಎಂಬುದು ನಿಜ. ಆದರೆ 10 ಗ್ರಾಂ ಬೆಲ್ಲದಿಂದ ಒಂದು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಮಹಿಳೆಗೆ ದಿನಕ್ಕೆ ಶಿಫಾರಸಾದ 29 ಮಿಲಿಗ್ರಾಂ ಕಬ್ಬಿಣವನ್ನು ಬೆಲ್ಲದಿಂದ ತುಂಬಿಸಲು ಹೊರಟರೆ ರಕ್ತಹೀನತೆಗಿಂತ ಮೊದಲು ಯಕೃತ್ತಿನ ಚಿಂತೆ ಮಾಡಬೇಕಾಗುತ್ತದೆ. ಹಣ್ಣಿನಲ್ಲೂ ಫ್ರಕ್ಟೋಸ್ ಇದೆಯಲ್ಲ ಎಂದರೆ, ಇದೆ. ಇಡೀ ಹಣ್ಣಿನಲ್ಲಿ ಪ್ರಮಾಣ ಮಿತ, ನಾರು ಹೆಚ್ಚು, ಅಗಿದು ತಿನ್ನಲು ಹೊತ್ತು ಬೇಕು. ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ಅದೇ ಹಣ್ಣನ್ನು ಹಿಂಡಿ ಸೋಸಿ ಸಕ್ಕರೆ ಬೆರೆಸಿದ ಜ್ಯೂಸಿಗೂ ರಸ್ತೆ ಬದಿಯ ಕಬ್ಬಿನ ಹಾಲಿಗೂ ಆ ರಕ್ಷಣೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2015ರ ಮಾರ್ಗಸೂಚಿಯಲ್ಲಿ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿ, ಇಡೀ ಹಣ್ಣನ್ನು ಹೊರಗಿಟ್ಟಿರುವುದು ಈ ಕಾರಣಕ್ಕೆ.

ನಮ್ಮ ಅಜ್ಜ ಅಜ್ಜಿಯರು ಹೋಳಿಗೆ, ಪಾಯಸ ತಿಂದೇ ಎಂಬತ್ತು ದಾಟಿದರು ಎಂಬ ಮಾತು ಇವೆಲ್ಲದರ ಕೊನೆಗೆ ಬರುತ್ತದೆ. ಬೇಗ ಸತ್ತವರನ್ನು ಈ ಮಾತು ಎಣಿಸುವುದಿಲ್ಲ ಎಂಬುದು ಹಾಗಿರಲಿ. ಅವರು ತಿಂದದ್ದು ಯಾವಾಗ, ಎಷ್ಟು? ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಸಕ್ಕರೆ ಅಚ್ಚು, ಗೌರಿ ಗಣೇಶನಿಗೆ ಕಡುಬು: ಸಿಹಿಗೆ ಪಂಚಾಂಗದಲ್ಲಿ ದಿನ ಗೊತ್ತಾಗಿತ್ತು, ಆ ದಿನಗಳ ನಡುವೆ ಸಪ್ಪೆ ದಿನಗಳು ಬಹಳ ಇದ್ದವು. ಬಿಳಿ ಸಕ್ಕರೆ ಅಗ್ಗವಾಗಿರಲಿಲ್ಲ. 1932ರಲ್ಲಿ ಉದ್ದಿಮೆಗೆ ಸುಂಕದ ರಕ್ಷಣೆ ಸಿಗುವವರೆಗೆ ದೇಶ ಜಾವಾದಿಂದ ಸಕ್ಕರೆ ತರಿಸುತ್ತಿತ್ತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಕಬ್ಬು ಬೆಳೆದ ಮೇಲೆ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇಂದು ಕರ್ನಾಟಕ ದೇಶದಲ್ಲಿ ಅತಿ ಹೆಚ್ಚು ಸಕ್ಕರೆ ತಯಾರಿಸುವ ಮೂರು ರಾಜ್ಯಗಳಲ್ಲಿ ಒಂದು. ರೈತರಿಗೆ ಅದು ಬದುಕು ಕೊಟ್ಟದ್ದು ನಿಜ. ಹಬ್ಬದ ವಸ್ತುವನ್ನು ಪ್ರತಿ ಹೊತ್ತಿನ ವಸ್ತುವಾಗಿಸಿದ್ದೂ ನಿಜ. ಈಗಿನ ಒಂದು ದಿನವನ್ನು ಕೂಡಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಒಳಿತೆನ್ನುವ ಮಿತಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚ. ಎರಡೆರಡು ಚಮಚದ ಮೂರು ಕಾಫಿಗೇ ಅದು ಮುಗಿಯಿತು. ಚೌಚೌ ಬಾತಿನ ಕೇಸರಿಬಾತ್, ದರ್ಶಿನಿಯ ಸಾಂಬಾರಿಗೆ ಹಾಕುವ ಬೆಲ್ಲ, ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಸಂಜೆ ಅಯ್ಯಂಗಾರ್ ಬೇಕರಿಯ ಹನಿ ಕೇಕು ಅಥವಾ ದಿಲ್ ಪಸಂದ್, ಮಕ್ಕಳ ಕೈಯಲ್ಲಿನ 300 ಮಿಲಿಲೀಟರ್ ತಂಪುಪಾನೀಯದ ಮೂವತ್ತಕ್ಕೂ ಹೆಚ್ಚು ಗ್ರಾಂ, ಎಲ್ಲವೂ ಅದರ ಮೇಲಿನದು. ಅಮೆರಿಕದ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ ಗುಂಪಿನ ಸಕ್ಕರೆ, 2,000 ಕ್ಯಾಲೊರಿಯ ಊಟಕ್ಕೆ ಲೆಕ್ಕ ಹಾಕಿದರೆ, ದಿನಕ್ಕೆ 85ರಿಂದ 105 ಗ್ರಾಂ. ಯಾವ ಹಬ್ಬವೂ ಇಲ್ಲದ ಮಂಗಳವಾರ ಸಂಪಿಗೆ ರಸ್ತೆಯಲ್ಲಿ ಆ ಲೆಕ್ಕಕ್ಕೆ ಮುಟ್ಟುವುದು ಕಷ್ಟವಲ್ಲ. ಪರಂಪರೆಯ ಹೆಸರಿನಲ್ಲಿ ಇದನ್ನು ಸಮರ್ಥಿಸುವವರು ಪರಂಪರೆಯ ಸಿಹಿಯನ್ನು ಉಳಿಸಿಕೊಂಡು ಅದರ ಸಂಯಮವನ್ನು ಕೈಬಿಟ್ಟಿದ್ದಾರೆ.

ಹಾಗಾದರೆ ಸಿಹಿಯನ್ನೇ ಬಿಡಬೇಕೇ ಎಂದು ಕೇಳಿದರೆ, ಬೇಡ. ಹಬ್ಬದ ಹೋಳಿಗೆಗೆ ನನ್ನ ತಕರಾರಿಲ್ಲ. ಕೇಡಿರುವುದು ದಿನದಿನದ, ಹೊತ್ತುಹೊತ್ತಿನ ಸಕ್ಕರೆಯಲ್ಲಿ, ಅದರಲ್ಲೂ ಕುಡಿಯುವ ಸಕ್ಕರೆಯಲ್ಲಿ. ಹೋಟೆಲುಗಳು ಕಾಫಿಯನ್ನು ಸಕ್ಕರೆ ಹಾಕದೆ ಕೊಟ್ಟು, ಸಕ್ಕರೆಯನ್ನು ಪಕ್ಕದಲ್ಲಿಟ್ಟರೆ ಖರ್ಚೇನೂ ಬೀಳುವುದಿಲ್ಲ. ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಶಾಲೆಗಳಲ್ಲಿ ಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ಸೂಚಿಸಿತು. ರಾಜ್ಯದ ಪಠ್ಯಕ್ರಮದ ಶಾಲೆಗಳಿಗೂ ಅದು ಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಸಿಹಿ ಪಾನೀಯಗಳಿಗೆ ಶೇ. 40ರ ಜಿಎಸ್‌ಟಿ ಹಾಕಿ, ಬಿಸ್ಕತ್ತು, ಚಾಕೊಲೇಟ್, ಕೇಕುಗಳ ತೆರಿಗೆಯನ್ನು ಶೇ. 5ಕ್ಕೆ ಇಳಿಸಿತು, ಒಂದು ಕೈಯಿಂದ ತಡೆದದ್ದನ್ನು ಇನ್ನೊಂದು ಕೈಯಿಂದ ಹಂಚಿದಂತಾಯಿತು. ವೈದ್ಯರು ‘ಗ್ರೇಡ್ ಒನ್’ ಎಂಬ ಸಾಲನ್ನು ಓದಿ ಮುಂದಕ್ಕೆ ಹೋಗದೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಸೊಂಟದ ಸುತ್ತಳತೆ, ರಕ್ತದೊತ್ತಡಗಳನ್ನು ಅದರ ಜೊತೆಗಿಟ್ಟು ರೋಗಿಗೆ ವಿವರಿಸಬೇಕು, ದಿನಕ್ಕೆ ಎಷ್ಟು ಚಮಚ ಸಕ್ಕರೆ ಎಂದು ಬಾಯಿಬಿಟ್ಟು ಕೇಳಬೇಕು. ಏಕೆಂದರೆ ಈ ಹಂತದಲ್ಲಿ ಯಕೃತ್ತು ಚೇತರಿಸಿಕೊಳ್ಳಬಲ್ಲದು. ಎಂಟು ವಾರಗಳಲ್ಲೇ ಕೊಬ್ಬು ಇಳಿದದ್ದನ್ನು ಆ ಹುಡುಗರಲ್ಲಿ ನೋಡಿದ್ದೇವೆ. ಗಾಯದ ನಾರು ಗಟ್ಟಿಯಾಗಿ ಸಿರೋಸಿಸ್ ಆದ ಮೇಲೆ, ಹೃದಯದ ನಾಳ ಕಟ್ಟಿಕೊಂಡು ಜಯದೇವ ಆಸ್ಪತ್ರೆಗೆ ಧಾವಿಸಿದ ಮೇಲೆ, ಸಕ್ಕರೆ ಬಿಟ್ಟರೂ ಕಳೆದದ್ದೆಲ್ಲ ಮರಳುವುದಿಲ್ಲ. ಸಕ್ಕರೆ ಕಡಿಮೆ ಮಾಡುವುದರಿಂದ ಅತಿ ಹೆಚ್ಚು ಲಾಭವಾಗುವುದು ಇನ್ನೂ ಶುಗರ್ ಬಂದಿಲ್ಲದವರಿಗೆ. ಬೇಡ ಎನ್ನಲು ಅವರಿಗೆ ಕಾಯಿಲೆಯ ಪ್ರಮಾಣಪತ್ರ ಬೇಕಾಗದಂಥ ಪಂಕ್ತಿಯನ್ನು ನಾವು ಕಟ್ಟಬೇಕು. ಬೇಡ ಎಂದವರನ್ನು ಒತ್ತಾಯಿಸದಿರುವುದೇ ಇನ್ನು ಮುಂದೆ ಅತಿಥಿಗೆ ತೋರುವ ಮರ್ಯಾದೆಯಾಗಬೇಕು.